ಪೀಣ್ಯದ ಶೆಡ್ಡು, ಮಂಗಳನ ದಾರಿ ಮತ್ತು ಒಂದು ಗೇಮು

ಕಂಪ್ಯೂಟರ್ ಗೇಮುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಮ್ಮಿ. ಬರೆದರೂ ಮಕ್ಕಳು ಹಾಳಾಗ್ತಿದ್ದಾರೆ ಅಂತಲೇ ಬರೆಯೋದು :) ನಾನೀಗ ಹೇಳಹೊರಟಿರೋದು ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಅನ್ನೋ ಗೇಮಿನ ಬಗ್ಗೆ. ಹಲವು ವರ್ಷ ಅದನ್ನು ಮುಟ್ಟಿರಲಿಲ್ಲ. 2025ರ ಜನವರಿಯಲ್ಲಿ ಇಸ್ರೋದ ಎರಡು ಪುಟ್ಟ ಉಪಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡವಲ್ಲ, ಆ ಸುದ್ದಿ ಓದಿದ ಮೇಲೆ ಮತ್ತೆ ಹಾಕಿಕೊಂಡೆ. ಆಡ್ತಾ ಆಡ್ತಾ ನನಗೆ ಗೇಮಿಗಿಂತ ಪೀಣ್ಯದ ಇತಿಹಾಸವೇ ಹೆಚ್ಚು ತಲೆಗೆ ಹತ್ತಿತು. ಆ ಕಥೆ ಇಲ್ಲಿದೆ.

ಮೊದಲು ಗೇಮಿನ ಪರಿಚಯ. ಮೆಕ್ಸಿಕೋ ನಗರದ ಸ್ಕ್ವಾಡ್ ಅನ್ನೋ ಕಂಪನಿ ಗೇಮು ಮಾಡೋ ಕಂಪನಿಯೇ ಅಲ್ಲ, ಜಾಹೀರಾತಿನ ಕೆಲಸ ಮಾಡ್ತಿತ್ತು. ಅಲ್ಲಿದ್ದ ಫೆಲಿಪೆ ಫಲಾಂಗೆ ಚಿಕ್ಕಂದಿನಲ್ಲಿ ತಗಡಿನ ಹಾಳೆಯ ಗೊಂಬೆಗಳನ್ನು ಪಟಾಕಿ ರಾಕೆಟ್ಟಿಗೆ ಕಟ್ಟಿ ಹಾರಿಸ್ತಿದ್ದನಂತೆ. ಆ ಗೊಂಬೆಗಳ ಹೆಸರೇ ಕರ್ಬಲ್. ಕೆಲಸ ಬಿಡ್ತೀನಿ ಅಂತ ಹೊರಟವನಿಗೆ ಕಂಪನಿಯವರು ಇಲ್ಲೇ ಇದ್ದು ನಿನ್ನ ಗೇಮು ಮಾಡು ಅಂದರು. 2011ರ ಜೂನ್‌ನಲ್ಲಿ ಮೊದಲ ಆವೃತ್ತಿ ಹೊರಬಂತು, 2015ರ ಏಪ್ರಿಲ್‌ನಲ್ಲಿ ಪೂರ್ಣ ಆವೃತ್ತಿ. ಎರಡನೇ ಭಾಗ ಅಂತ 2023ರಲ್ಲಿ ಬಂದದ್ದು ಅರ್ಧಂಬರ್ಧಕ್ಕೇ ನಿಂತುಹೋಯಿತು, ಅದರ ಮಾತು ಬೇಡ.

ಈ ಗೇಮಿನಲ್ಲಿ ಶತ್ರುಗಳಿಲ್ಲ, ಬಂದೂಕಿಲ್ಲ. ಟ್ಯಾಂಕು, ಎಂಜಿನ್ನು ಜೋಡಿಸಿ ರಾಕೆಟ್ ಮಾಡಬೇಕು, ಹಾರಿಸಬೇಕು, ಅಷ್ಟೇ. ಶತ್ರು ಅಂದ್ರೆ ನ್ಯೂಟನ್! ಅಲ್ಲಿಯ ‘ಭೂಮಿ’ಯ ತ್ರಿಜ್ಯ ಬರೀ 600 ಕಿ.ಮೀ. ನಮ್ಮದು 6371. ಹಾಗಾಗಿ ಕಕ್ಷೆಗೆ ಸೇರೋಕೆ ಸೆಕೆಂಡಿಗೆ ಸುಮಾರು 2.3 ಕಿ.ಮೀ. ವೇಗ ಸಾಕು, ನಿಜವಾದ ಭೂಮಿಯಲ್ಲಿ 7.8 ಬೇಕು. ಅಳತೆ ಚಿಕ್ಕದು, ನಿಯಮ ಅದೇ.

ಈ ನಿಯಮಗಳು ನಮ್ಮ ರಸ್ತೆ ಬುದ್ಧಿಗೆ ಪೂರಾ ಉಲ್ಟಾ. ಹೆಬ್ಬಾಳದ ಫ್ಲೈಓವರ್ ಮೇಲೆ ಮುಂದಿರೋ ಬಸ್ಸನ್ನು ಹಿಡಿಯಬೇಕಾದ್ರೆ ಆಕ್ಸಿಲರೇಟರ್ ಒತ್ತಬೇಕು (ಜಾಗ ಇದ್ದರೆ!). ಕಕ್ಷೆಯಲ್ಲಿ ಹಾಗೆ ಮಾಡಿದ್ರೆ ನೀವು ಇನ್ನೂ ಹಿಂದೆ ಬೀಳ್ತೀರಿ. ವೇಗ ಹೆಚ್ಚಿಸಿದ ಕೂಡಲೇ ಕಕ್ಷೆ ದೊಡ್ಡದಾಗುತ್ತೆ, ದೊಡ್ಡ ಕಕ್ಷೆಯಲ್ಲಿ ಒಂದು ಸುತ್ತಿಗೆ ಹೆಚ್ಚು ಹೊತ್ತು. ಮುಂದಿರೋನನ್ನು ಹಿಡಿಯೋಕೆ ಬ್ರೇಕ್ ಹಾಕಿ ಕೆಳಗಿಳಿಯಬೇಕು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4ರಲ್ಲಿದ್ದ ಜೇಮ್ಸ್ ಮೆಕ್‌ಡಿವಿಟ್ ತನ್ನದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗೋಕೆ ಅದರ ಕಡೆಗೇ ನೌಕೆ ನುಗ್ಗಿಸಿದ. ಅದು ದೂರ ದೂರ ಸರಿಯುತ್ತಲೇ ಹೋಯಿತು, ಇಂಧನ ಸುಮ್ಮನೆ ಖರ್ಚಾಯಿತು, ಕೊನೆಗೆ ಪ್ರಯತ್ನವನ್ನೇ ಕೈಬಿಟ್ಟರು.

ನಮ್ಮ ಸ್ಪೇಡೆಕ್ಸ್ ಇದೇ ಪಾಠದ ಮೇಲೆ ನಡೆದದ್ದು. ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹೋದವು. ಜನವರಿ 7 ಅಂದರು, 9 ಅಂದರು, ಮುಂದೂಡಿದರು. 12ರಂದು 15 ಮೀಟರ್, ಆಮೇಲೆ 3 ಮೀಟರ್‌ವರೆಗೆ ತಂದು ಮತ್ತೆ ಹಿಂದಕ್ಕೆ ಕರೆದುಕೊಂಡು ಹೋದರು. 16ನೇ ತಾರೀಖು ಕೂಡಿಸಿದರು. ಯಾಕೆ ಎಳೀತಿದ್ದಾರೆ ಅಂತ ಟಿವಿಯವರು ಕೇಳ್ತಿದ್ದಾಗ ನನಗಂತೂ ನಗು. ಗೇಮಿನಲ್ಲಿ ಎರಡು ನೌಕೆ ಕೂಡಿಸಿ ನೋಡಿದವರು ಯಾರೂ ಆ ಪ್ರಶ್ನೆ ಕೇಳೋದಿಲ್ಲ.

ಈಗ ಮಂಗಳಯಾನಕ್ಕೆ ಬರೋಣ. ಕಿಲೋಮೀಟರಿಗೆ ಏಳು ರೂಪಾಯಿ, ಆಟೋಗಿಂತ ಅಗ್ಗ ಅನ್ನೋ ಮಾತು 2014ರಲ್ಲಿ ಪ್ರಧಾನಿಯಿಂದ ಹಿಡಿದು ಎಲ್ಲರ ಬಾಯಲ್ಲೂ ಇತ್ತು. 450 ಕೋಟಿ ಖರ್ಚನ್ನು ಸುಮಾರು 65 ಕೋಟಿ ಕಿ.ಮೀ.ಗೆ ಭಾಗಿಸಿದರೆ ಲೆಕ್ಕವೇನೋ ಸರಿ. ಆದರೆ ಅರ್ಥವಿಲ್ಲದ ಲೆಕ್ಕ. ಆಕಾಶದಲ್ಲಿ ದೂರಕ್ಕೆ ಬೆಲೆಯೇ ಇಲ್ಲ, ಎಂಜಿನ್ ಆರಿಸಿದ ಮೇಲೆ ಕೋಟಿ ಕಿಲೋಮೀಟರ್ ಕೂಡ ಪುಕ್ಕಟೆ. ಬೆಲೆ ಇರೋದು ವೇಗದ ಬದಲಾವಣೆಗೆ. ಈ ಒಂದು ಮಾತನ್ನು ಗೇಮು ನಿಮ್ಮ ತಲೆಗೆ ಕುಟ್ಟಿ ಕುಟ್ಟಿ ತುಂಬುತ್ತೆ.

ಆ ಬೆಲೆಯನ್ನು ನಮ್ಮವರು ತೆತ್ತ ರೀತಿ ನೋಡಿ. ದೊಡ್ಡ ರಾಕೆಟ್ ಜಿ.ಎಸ್.ಎಲ್.ವಿ. 2010ರಲ್ಲಿ ಎರಡು ಸಲ ಸೋತಿತ್ತು. ನಂಬಬಹುದಾದದ್ದು ಪಿ.ಎಸ್.ಎಲ್.ವಿ. ಮಾತ್ರ. ಅದಕ್ಕೆ ನೌಕೆಯನ್ನು ಮಂಗಳನ ದಾರಿಗೆ ಎಸೆಯೋ ಶಕ್ತಿ ಇಲ್ಲ. 2013ರ ನವೆಂಬರ್ 5ರಂದು ಅದು ಬಿಟ್ಟದ್ದು ಹತ್ತಿರದ ತುದಿ ಸುಮಾರು 250 ಕಿ.ಮೀ., ದೂರದ ತುದಿ ಸುಮಾರು 23,500 ಕಿ.ಮೀ. ಇರೋ ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಮುಂದಿನದೆಲ್ಲ ನೌಕೆಯ ಸ್ವಂತ ಎಂಜಿನ್ನಿನ ಪಾಡು, ಅದರ ನೂಕುಬಲ ಬರೀ 440 ನ್ಯೂಟನ್, ಅಂದ್ರೆ ಸುಮಾರು 45 ಕೆ.ಜಿ. ಭಾರ ಎತ್ತೋ ಅಷ್ಟು. ನೌಕೆಯೋ 1337 ಕೆ.ಜಿ., ಅದರಲ್ಲಿ 852 ಕೆ.ಜಿ. ಇಂಧನವೇ.

ಇಷ್ಟು ಸಣ್ಣ ಎಂಜಿನ್ನನ್ನು ಒಂದೇ ಸಲಕ್ಕೆ ಉದ್ದಕ್ಕೂ ಉರಿಸಿದರೆ ನಷ್ಟ. ಇಂಧನಕ್ಕೆ ಪೂರ್ತಿ ಬೆಲೆ ಸಿಗೋದು ನೌಕೆ ಭೂಮಿಯ ಹತ್ತಿರ ಅತಿ ವೇಗದಲ್ಲಿ ಹಾಯುವಾಗ ಮಾತ್ರ. ಎಂಜಿನ್ ಉರೀತಾ ಇರೋವಾಗಲೇ ನೌಕೆ ಆ ಜಾಗ ದಾಟಿ ದೂರ ಹೋಗಿರುತ್ತೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಹತ್ತಿರ ಬಂದಾಗ ಸ್ವಲ್ಪ ಉರಿಸೋದು, ಆರಿಸೋದು. ಉಯ್ಯಾಲೆ ತೂಗಿದ ಹಾಗೆ. ಈ ಸಲ ಗೇಮಿನಲ್ಲಿ ಬೇಕಂತಲೇ ಸಣ್ಣ ಎಂಜಿನ್ ಹಾಕಿ ಹೀಗೇ ಹೋದೆ. ದೂರದ ತುದಿ ಪ್ರತಿ ಸಲ ಹಿಗ್ಗೋದನ್ನು ನೋಡೋದೇ ಒಂದು ಸುಖ.

ಮಂಗಳಯಾನದ ದೂರದ ತುದಿ ಹೀಗೆ 28 ಸಾವಿರ, 40 ಸಾವಿರ, 71 ಸಾವಿರ ಕಿ.ಮೀ. ಅಂತ ಬೆಳೆಯಿತು. ನವೆಂಬರ್ 11ರಂದು ಲಕ್ಷ ಮುಟ್ಟಬೇಕಿತ್ತು. ಎಂಜಿನ್ನಿನ ಕವಾಟ ತೆರೆಯೋ ಎರಡು ಸುರುಳಿಗಳಿಗೂ, ಮುಖ್ಯವಾದದ್ದಕ್ಕೂ ಬದಲಿಯದಕ್ಕೂ, ಒಟ್ಟಿಗೇ ವಿದ್ಯುತ್ ಕೊಟ್ಟು ನೋಡಿದಾಗ ಇಂಧನದ ಹರಿವೇ ನಿಂತಿತು. ಸೆಕೆಂಡಿಗೆ 130 ಮೀಟರ್ ಏರಬೇಕಿದ್ದ ವೇಗ 35ಕ್ಕೆ ನಿಂತು, ತುದಿ 78 ಸಾವಿರಕ್ಕೇ ಉಳಿಯಿತು. ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲಿ ಕೂತಿದ್ದವರು ಮರುದಿನವೇ ಹೆಚ್ಚುವರಿಯಾಗಿ ಒಮ್ಮೆ ಉರಿಸಿ 1,18,642 ಕಿ.ಮೀ.ಗೆ ಮುಟ್ಟಿಸಿದರು. ಒಂದೇ ಏಟಿಗೆ ಹೋಗೋ ಯೋಜನೆಯಲ್ಲಿ ಇಂಥ ಮರುದಿನ ಸಿಗೋದಿಲ್ಲ. ಡಿಸೆಂಬರ್ 1ರ ಮಧ್ಯರಾತ್ರಿ ದಾಟಿದ ಮೇಲೆ 22 ನಿಮಿಷದ ಉರಿ, ಭೂಮಿಗೆ ವಿದಾಯ.

ಇಲ್ಲೊಂದು ಹೋಲಿಕೆ ಹೇಳಲೇಬೇಕು. ಅಮೆರಿಕದ ಮೇವನ್ ಮಂಗಳಯಾನಕ್ಕಿಂತ 13 ದಿನ ತಡವಾಗಿ, 2013ರ ನವೆಂಬರ್ 18ರಂದು ಹೊರಟಿತು. ಅಟ್ಲಾಸ್ ರಾಕೆಟ್ ಅದನ್ನು ನೇರವಾಗಿ ಎಸೆಯಿತು. ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ತಲುಪಿದರೆ ಮೇವನ್ ಎರಡು ದಿನ ಮೊದಲೇ ಹಾಜರ್. ದುಡ್ಡಿದ್ದವನ ದಾರಿ ಅದು, ಇಲ್ಲದವನ ದಾರಿ ಇದು. ಗಣಿತ ಮಾತ್ರ ಎರಡಕ್ಕೂ ಒಂದೇ. ಆ ಮಂಗಳಯಾನ 2022ರ ಏಪ್ರಿಲ್‌ವರೆಗೂ ಮಾತಾಡ್ತಿತ್ತು.

ಇದೆಲ್ಲ ಪೀಣ್ಯದಲ್ಲೇ ಯಾಕೆ? ಸತೀಶ್ ಧವನ್ 1972ರಲ್ಲಿ ಇಸ್ರೋದ ಹೊಣೆ ಹೊರುವಾಗ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕನಾಗಿಯೇ ಮುಂದುವರಿಯುತ್ತೇನೆ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಲಿ ಅಂದಿದ್ದರು. ಇನ್‌ಸ್ಟಿಟ್ಯೂಟು ಇರೋದು ಯಶವಂತಪುರದ ಪಕ್ಕ, ಜಾಲಹಳ್ಳಿಯಲ್ಲಿ ಬಿ.ಇ.ಎಲ್., ಎಚ್.ಎಂ.ಟಿ. ಅದೇ ವರ್ಷ ಮೇನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ತಂಡ ಕಟ್ಟಿಕೊಂಡು ಪೀಣ್ಯದ ಕೈಗಾರಿಕಾ ಶೆಡ್ಡುಗಳಿಗೆ ಬಂದರು. ಸುತ್ತ ಲೇತ್ ಮೆಷಿನ್ನಿನ ಸದ್ದು, ಒಳಗೆ 360 ಕೆ.ಜಿ.ಯ, 26 ಮುಖಗಳ ಆರ್ಯಭಟ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು ಅನ್ನೋದೂ ನಿಜ. ನಮ್ಮ ಹಳೇ ಎರಡು ರೂಪಾಯಿ ನೋಟಿನ ಹಿಂದೆ ಇದ್ದದ್ದು ಅದೇ ಉಪಗ್ರಹ.

ಆಮೇಲೆ ಬಂತು ಆಪಲ್. ಆರ್.ಎಂ. ವಾಸಗಂ ಅದರ ಯೋಜನಾ ನಿರ್ದೇಶಕರು. ಎರಡೇ ವರ್ಷದಲ್ಲಿ ಶೆಡ್ಡುಗಳಲ್ಲೇ ಆದ ಕೆಲಸ. ಎತ್ತಿನ ಗಾಡಿ ಮೇಲೆ ಉಪಗ್ರಹ ಕೂತಿರೋ ಫೋಟೋ ನೀವೆಲ್ಲ ನೋಡಿದ್ದೀರಿ. ಅದನ್ನು ಹಾಕಿ “ಪಾಪ, ಲಾರಿಗೂ ದುಡ್ಡಿರಲಿಲ್ಲ” ಅಂತ ಕಣ್ಣೀರು ಹಾಕೋರನ್ನು ಕಂಡ್ರೆ ನನಗೆ ಸಿಟ್ಟು ಬರುತ್ತೆ. ಆಂಟೆನಾ ಪರೀಕ್ಷೆಗೆ ಸುತ್ತಮುತ್ತ ಲೋಹ ಇರಬಾರದಿತ್ತು, ಲಾರಿ ತುಂಬಾ ಕಬ್ಬಿಣ. ಮರದ ಗಾಡಿ ಬೇಕಾಗಿದ್ದು ಬಡತನಕ್ಕಲ್ಲ, ವಿಜ್ಞಾನಕ್ಕೆ. 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋದ ಆಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಉಳಿದ ಒಂದೇ ಫಲಕದ ಕರೆಂಟನ್ನು ಅಳೆದು ಅಳೆದು ಹಂಚಿ 27 ತಿಂಗಳು ಅದನ್ನು ದುಡಿಸಿಕೊಂಡರು.