ಬೋರ್ಡ್ ಚಿಕ್ಕದಾದ ಕಥೆ, ಸವಾರನ ಆಯ್ಕೆ

ಸರ್ಫಿಂಗ್ ಕಲಿತವರು ಸ್ವಂತ ಬೋರ್ಡ್ ಕೊಳ್ಳಲು ಹೊರಟಾಗ ಐದಡಿಯಿಂದ ಹತ್ತಡಿವರೆಗಿನ ಹತ್ತಾರು ಆಕಾರಗಳು ಎದುರಾಗುತ್ತವೆ. ಯಾವ ಆಕಾರ ಯಾರ ಅಗತ್ಯಕ್ಕೆ ಹುಟ್ಟಿತೆಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹಳೆಯ ಹವಾಯಿಯಲ್ಲಿ ಅರಸು ಮನೆತನದವರು 'ಓಲೋ' ಎಂಬ ಭಾರೀ ಉದ್ದದ ಹಲಗೆಯ ಮೇಲೆ ಸವಾರಿ ಮಾಡುತ್ತಿದ್ದರು. ಅದಕ್ಕಿಂತ ಚಿಕ್ಕದಾದ, ತೆಳುವಾದ 'ಅಲಾಯಾ' ಸಾಮಾನ್ಯರ ಕೈಯಲ್ಲೂ ಇತ್ತು. ಎರಡಕ್ಕೂ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ ಇರಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹಲಗೆಯ ಒಳಗನ್ನು ಟೊಳ್ಳು ಮಾಡಿ ಭಾರ ಇಳಿಸಿದ. 1935ರಲ್ಲಿ ಅಡಿಗೆ ಫಿನ್ ಜೋಡಿಸಿದ. ಅಲ್ಲಿಂದ ಹಲಗೆ ಪಕ್ಕಕ್ಕೆ ಜಾರದೆ ಸವಾರನ ಹಿಡಿತಕ್ಕೆ ಬಂತು.

ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಬಾಬ್ ಸಿಮ್ಮನ್ಸ್ ಹಗುರ ಬಾಲ್ಸಾ ಮರಕ್ಕೆ ಫೈಬರ್ ಗ್ಲಾಸ್ ಹೊದಿಸಿದ. 1950ರ ದಶಕದ ಕೊನೆಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಮರದ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ತಂದರು. ಹೀಗೆ ಸಾವಿರಾರು ಜನರ ಕೈಗೆ ಬಂದದ್ದು ಒಂಬತ್ತು-ಹತ್ತಡಿಯ ಲಾಂಗ್‌ಬೋರ್ಡ್. ಚೆನ್ನಾಗಿ ತೇಲುವ ಅದು ಕೈಯಿಂದ ನೀರು ತಳ್ಳುತ್ತಾ ಸಾಗುವವನಿಗೆ ಬೇಗ ವೇಗ ಕೊಡುತ್ತದೆ. ಸಣ್ಣ ಅಲೆಯನ್ನೂ ಹಿಡಿಯುತ್ತದೆ.

1967ರ ಸುಮಾರಿಗೆ ದಿಕ್ಕು ಬದಲಾಯಿತು. ಆಸ್ಟ್ರೇಲಿಯಾದ ಬಾಬ್ ಮೆಕ್‌ಟಾವಿಶ್, ನ್ಯಾಟ್ ಯಂಗ್ ಮುಂತಾದವರು ಅಲೆಯ ಗೋಡೆಯ ಮೇಲೆ ಚುರುಕಾಗಿ ತಿರುಗಲು ಬೋರ್ಡನ್ನು ಮೊಟಕುಗೊಳಿಸಿದರು. 1981ರಲ್ಲಿ ಅದೇ ದೇಶದ ಸೈಮನ್ ಆ್ಯಂಡರ್ಸನ್ ಮೂರು ಫಿನ್‌ಗಳ 'ಥ್ರಸ್ಟರ್' ಹತ್ತಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದ. 1990ರ ದಶಕದಲ್ಲಿ, ವಿಶ್ವ ಚಾಂಪಿಯನ್ ಕೆಲ್ಲಿ ಸ್ಲೇಟರ್‌ನ ಕಾಲಕ್ಕೆ, ಬೋರ್ಡ್ ತೀರಾ ತೆಳುವೂ ಕಿರಿದೂ ಆಯಿತು. ಬಲವಾದ ಅಲೆಗೆ, ದಿನವೂ ಕಡಲಿಗಿಳಿಯುವ ದೇಹಕ್ಕೆ ಹೊಂದಿಸಿ ಮಾಡಿದ ಸಾಧನವದು. ವಾರಕ್ಕೊಮ್ಮೆ ಇಳಿಯುವವನು ಅದನ್ನೇ ಕೊಂಡರೆ ಸವಾರಿಗಿಂತ ಅಲೆ ಕೈತಪ್ಪುವುದೇ ಹೆಚ್ಚಾಗುತ್ತದೆ.

ಇದಕ್ಕೆ ಉತ್ತರ ಆಗಲೇ ಸಿದ್ಧವಿತ್ತು. 1967ರಲ್ಲೇ ಸ್ಯಾನ್ ಡಿಯೇಗೋದ ಸ್ಟೀವ್ ಲಿಸ್ ರೂಪಿಸಿದ 'ಫಿಶ್' ಚಿಕ್ಕದಾದರೂ ಅಗಲವಾಗಿತ್ತು. ದುರ್ಬಲ ಅಲೆಯಲ್ಲೂ ಓಡುತ್ತಿತ್ತು. ಮುಂದೆ ಅದರ ಗುಣ ಪಡೆದ ಹೈಬ್ರಿಡ್‌ಗಳು, ಕಲಿಯುವವರಿಗೆ ಪೆಟ್ಟು ಕಡಿಮೆ ಮಾಡುವ ಮೆದು ಮೈಯ ಸಾಫ್ಟ್‌ಟಾಪ್‌ಗಳು ಬಂದವು. ಕಂಪ್ಯೂಟರ್ ವಿನ್ಯಾಸದಿಂದಾಗಿ ಬೋರ್ಡಿನ ಘನಗಾತ್ರವನ್ನು ಲೀಟರ್‌ಗಳಲ್ಲಿ ನಮೂದಿಸುವುದೂ ರೂಢಿಯಾಯಿತು. ಸಾಮಾನ್ಯ ಸವಾರನಿಗೆ ಇದೇ ದೊಡ್ಡ ಉಪಕಾರ. ಹೊಸಬರು ತಮ್ಮ ತೂಕ ಎಷ್ಟು ಕಿಲೋ ಇದೆಯೋ ಕನಿಷ್ಠ ಅಷ್ಟು ಲೀಟರಿನ ಬೋರ್ಡ್ ನೋಡಬೇಕು. ಪಳಗಿದ ಸ್ಪರ್ಧಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಉಳಿದವರ ಜಾಗ ಇವೆರಡರ ನಡುವೆ. ವಯಸ್ಸು ಏರಿದಷ್ಟೂ, ಅಭ್ಯಾಸ ತಪ್ಪಿದಷ್ಟೂ ಲೀಟರ್ ಹೆಚ್ಚಿರಲಿ.

ನಮ್ಮ ಕರಾವಳಿಗೂ ಈ ಲೆಕ್ಕ ಸಲ್ಲುತ್ತದೆ. ಮೂಲ್ಕಿಯಲ್ಲಿ 2004ರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ ಇಲ್ಲಿನವರಿಗೆ ಈ ಆಟದ ಬಾಗಿಲು ತೆರೆಯಿತು. ಹತ್ತಿರದ ಸಸಿಹಿತ್ಲು ಕಡಲತೀರ ರಾಷ್ಟ್ರಮಟ್ಟದ ಸ್ಪರ್ಧೆಯನ್ನೂ ಕಂಡಿದೆ. ಮಳೆಗಾಲದ ಹೊಸ್ತಿಲಲ್ಲಿ ಅಲೆ ಬಲವಾಗಿರುತ್ತದೆ, ಚಳಿಗಾಲದಲ್ಲಿ ಮೆತ್ತಗಿರುತ್ತದೆ. ಆ ಮೆತ್ತನೆಯ ತಿಂಗಳುಗಳಲ್ಲಿ ಎಂಟೊಂಬತ್ತಡಿಯ ಅಗಲ ಬೋರ್ಡೇ ಹೆಚ್ಚು ಸವಾರಿ ಕೊಡುತ್ತದೆ.

ಬೋರ್ಡುಗಳನ್ನು ಚಿಕ್ಕದಾಗಿಸಿದವರು ತಮ್ಮ ಅಲೆಗೆ, ತಮ್ಮ ಸಾಮರ್ಥ್ಯಕ್ಕೆ ತಕ್ಕುದನ್ನು ಹುಡುಕಿಕೊಂಡರು. ಅವರಿಂದ ಕಲಿಯಬೇಕಾದದ್ದು ಆ ಹುಡುಕಾಟವನ್ನು, ಅವರ ಬೋರ್ಡಿನ ಅಳತೆಯನ್ನಲ್ಲ. ಬಿಡುವಿನ ದಿನ ಕಡಲಿಗಿಳಿಯುವವರಿಗೆ ಹೆಚ್ಚು ಅಲೆ ಹಿಡಿದುಕೊಡುವ ಬೋರ್ಡೇ ಒಳ್ಳೆಯ ಬೋರ್ಡ್.