ಯೋಧನ ತಟ್ಟೆಯ ಕಡೆಗೆ ಒಂದು ನೋಟ

ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕನನ್ನು ವೈದ್ಯರು ಏನೇನು ಕೇಳುತ್ತಾರೆ? ಗಾಯ ಮಾಗಿತೇ, ನಿದ್ದೆ ಬರುತ್ತದೆಯೇ, ಕುಡಿತವಿದೆಯೇ ಎಂದು ಕೇಳುತ್ತಾರೆ. ಊಟ ಹೇಗೆ ಮಾಡುತ್ತೀರಿ ಎಂದು ಕೇಳುವುದು ಅಪರೂಪ. ಈ ಸರಳ ಪ್ರಶ್ನೆ ವೈದ್ಯರ ಕೋಣೆಯನ್ನು ತಲುಪಲು ಬಹಳ ಕಾಲ ಹಿಡಿಯಿತು. ಆ ಕಥೆಯನ್ನು ಸ್ವಲ್ಪ ನೋಡೋಣ ಬನ್ನಿ.

1944ರ ನವೆಂಬರ್. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರೊಡನೆ ಒಂದು ಪ್ರಯೋಗ ಆರಂಭಿಸಿದರು. ಇವರು ಯೋಧರಲ್ಲ; ಆತ್ಮಸಾಕ್ಷಿಗೆ ಒಪ್ಪದೆಂದು ಬಂದೂಕು ಹಿಡಿಯಲು ನಿರಾಕರಿಸಿದವರು. ಆದರೆ ಯುದ್ಧದಿಂದ ಹಸಿದ ಜನರಿಗಾಗಿ ತಾವೇ ಹಸಿಯಲು ಮುಂದೆ ಬಂದವರು. ಆರು ತಿಂಗಳು ಅರೆಹೊಟ್ಟೆ, ಜೊತೆಗೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ಅವರ ದೇಹದ ತೂಕ ಕಾಲು ಭಾಗದಷ್ಟು ಇಳಿಯಿತು.

ಅಚ್ಚರಿ ತೂಕದಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು. ದಿನವಿಡೀ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮತ್ತೆ ಅನ್ನ ಸಿಕ್ಕಾಗಲೂ ಕೆಲವರಿಗೆ ಹೊಟ್ಟೆ ತುಂಬಿದರೂ ಹಸಿವು ತೀರಲಿಲ್ಲ. ಈ ವಿವರಗಳೆಲ್ಲ 1950ರಲ್ಲಿ ಎರಡು ಸಂಪುಟಗಳಾಗಿ ಹೊರಬಂದವು.

1994ರಲ್ಲಿ ಜಾನೆಟ್ ಪಾಲಿವಿ ಮತ್ತು ಸಂಗಡಿಗರು ಎರಡನೆಯ ಮಹಾಯುದ್ಧದ ಮಾಜಿ ಯೋಧರನ್ನು ಅಭ್ಯಸಿಸಿದರು. ಶತ್ರುಗಳ ಸೆರೆಯಲ್ಲಿ ಹಸಿದು ಬಂದವರಲ್ಲಿ, ಸೆರೆ ಸಿಕ್ಕದ ಯೋಧರಿಗಿಂತ ಹೆಚ್ಚು ಮಂದಿಗೆ ಹಿಡಿತವಿಲ್ಲದೆ ತಿನ್ನುವ ಅಭ್ಯಾಸವಿತ್ತು. ಯುದ್ಧ ಮುಗಿದು ಅರ್ಧ ಶತಮಾನ ಕಳೆದಿದ್ದರೂ ಸೆರೆಮನೆಯ ಹಸಿವು ಅವರ ತಟ್ಟೆಯನ್ನು ಬಿಟ್ಟಿರಲಿಲ್ಲ.

ಸೆರೆ ಮಾತ್ರವೇ ಕಾರಣವಲ್ಲ. ಸೈನ್ಯದಲ್ಲಿ ತೂಕಕ್ಕೆ ಮಿತಿಯುಂಟು. ತಪಾಸಣೆ ಹತ್ತಿರ ಬಂದಾಗ ಊಟ ಬಿಡುವುದು, ಬೆವರಿಳಿಸಿ ತೂಕ ಇಳಿಸುವುದು ಕೆಲವರಿಗೆ ರೂಢಿಯಾಗುತ್ತದೆ. ಕಂಡ ಭೀಕರತೆಯ ನೆನಪನ್ನು ಅನ್ನದಿಂದ ಅದುಮುವವರೂ ಇದ್ದಾರೆ.

ಹಾಗಾದರೆ ಕಾಯಿಲೆಯನ್ನು ಗುರುತಿಸುವುದು ಹೇಗೆ? 1999ರಲ್ಲಿ ಬ್ರಿಟನ್ನಿನ ವೈದ್ಯರು ‘ಸ್ಕಾಫ್’ ಎಂಬ ಐದು ಪ್ರಶ್ನೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ತಿಂದದ್ದನ್ನು ನೀವಾಗಿ ವಾಂತಿ ಮಾಡುತ್ತೀರಾ, ತಿನ್ನುವುದರ ಮೇಲೆ ಹಿಡಿತ ತಪ್ಪಿದೆಯೇ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ, ಇತರರು ತೆಳ್ಳಗಿದ್ದೀರಿ ಎಂದರೂ ದಪ್ಪಗಿದ್ದೇನೆ ಎನಿಸುತ್ತದೆಯೇ, ಆಹಾರವೇ ಬದುಕನ್ನು ಆಳುತ್ತಿದೆಯೇ? ಎರಡಕ್ಕೆ ಹೌದೆಂದರೆ ಮುಂದಿನ ಪರೀಕ್ಷೆ ಬೇಕು.

ಇದೊಂದು ಜರಡಿ ಅಷ್ಟೆ, ತೀರ್ಪಲ್ಲ. ರಾಗಿಯ ಜರಡಿಯಲ್ಲಿ ಭತ್ತ ಸೋಸಲಾದೀತೇ? ಸ್ಕಾಫನ್ನು ಮೊದಲು ಒರೆಗೆ ಹಚ್ಚಿದ್ದು 18ರಿಂದ 40 ವಯಸ್ಸಿನ ಮಹಿಳೆಯರ ಮೇಲೆ. ಹುಡುಕಿದ್ದು ಊಟ ತೊರೆಯುವ ಮತ್ತು ತಿಂದು ಕಕ್ಕುವ ಕಾಯಿಲೆಗಳನ್ನು. ವಾಂತಿ ಮಾಡದೆ, ಮಿತಿಮೀರಿ ತಿಂದು ಒಳಗೇ ನೋಯುವ ಐವತ್ತರ ಗಂಡಸು ಈ ಜರಡಿಯಿಂದ ಜಾರಿಹೋಗಬಹುದು. ಮಿತಿಮೀರಿ ತಿನ್ನುವುದನ್ನು ಪ್ರತ್ಯೇಕ ಕಾಯಿಲೆಯೆಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಒಪ್ಪಿದ್ದೇ 2013ರಲ್ಲಿ.

ರೋಗಲಕ್ಷಣವಿಲ್ಲದ ಎಲ್ಲರನ್ನೂ ಹೀಗೆ ಶೋಧಿಸಬೇಕೇ? ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2022ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಹೇಳಿತು. ಬೇಡವೆಂದಲ್ಲ, ಇನ್ನೂ ತಿಳಿಯಬೇಕಿದೆ ಎಂದು. ಲಕ್ಷಣ ಕಂಡವರನ್ನು ಕೇಳಬಾರದೆಂದೂ ಅಲ್ಲ.

ನಿಮ್ಮ ಮನೆಯಲ್ಲೂ ನಿವೃತ್ತ ಯೋಧರೊಬ್ಬರು ಇರಬಹುದು. ರಾತ್ರಿ ಒಬ್ಬರೇ ಎದ್ದು ತಿನ್ನುತ್ತಿದ್ದರೆ, ತಿಂಡಿ ಬಚ್ಚಿಡುತ್ತಿದ್ದರೆ, ಆಮೇಲೆ ನಾಚಿ ಕುಗ್ಗುತ್ತಿದ್ದರೆ, ‘ಪಟಾಲಮ್ಮಿನ ಹೊಟ್ಟೆ’ ಎಂದು ನಗಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ವೈದ್ಯರ ಬಳಿ ಕರೆದೊಯ್ಯಿರಿ. ಯೋಧರು ತಾವಾಗಿ ಹೇಳಿಕೊಳ್ಳುವ ಜಾತಿಯವರಲ್ಲ, ಯಾರಾದರೂ ಕೇಳಬೇಕು.