ಧಾರವಾಡದ ಶಾಲೆ, ಕಂಪನಿಯ ಸಂದರ್ಶನ

1856ರ ಜೂನಿನಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನ ಅರ್ಜಿಗೆ ಮುಂಬೈ ಸರ್ಕಾರ ಕೊಟ್ಟ ಉತ್ತರವನ್ನು ಇವತ್ತು ಕೆಲಸ ಹುಡುಕುತ್ತಿರುವ ನಮ್ಮ ಹುಡುಗರು ಓದಬೇಕು. ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗೇ ಇದೆ ಅಂತ ಸರ್ಕಾರ ಒಪ್ಪಿಕೊಂಡಿತು. ಆದರೆ ಇವನೊಬ್ಬನಿಗಾಗಿ ಉಳಿದವರಿಗೆಲ್ಲ ಶಾಲೆಯೇ ನಿರುಪಯೋಗಿಯಾಗಬಾರದು ಅಂತ ಬಾಗಿಲು ಹಾಕಿತು. ಕಲ್ಕತ್ತೆಯ ಸರ್ಕಾರ ಇದನ್ನು ಒಪ್ಪಲಿಲ್ಲ. 1858ರಲ್ಲಿ ಲಂಡನ್ನಿನ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ಸೇರಿದ್ದು ಅಂದರು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಪ್ರಕರಣವನ್ನು ಮತ್ತೆ ಎತ್ತಿದರು.

ಅರ್ಹತೆಯನ್ನು ಒಪ್ಪುವುದು, ಸಂಸ್ಥೆಯ ಹಿತದ ಹೆಸರಲ್ಲಿ ಮನುಷ್ಯನನ್ನು ಹೊರಗಿಡುವುದು. ಈ ತರ್ಕಕ್ಕೆ ವಯಸ್ಸಾಗಿಲ್ಲ.

ನನ್ನ ತಮ್ಮ ಅಣ್ಣಿಗೇರಿ ಸೀಮೆಯವ, ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿದವ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಲಿಖಿತ ಪರೀಕ್ಷೆ, ಕೋಡ್ ಬರೆಯುವ ಸುತ್ತು ಎರಡನ್ನೂ ದಾಟಿದ. ಉಳಿದದ್ದು ಎಚ್.ಆರ್. ಸುತ್ತು. 'ಅಣ್ಣಾ, ಕೋಡ್ ಬರೀ ಅಂದಾಗ ಹೆದರಿಕಿ ಆಗ್ಲಿಲ್ಲ. ಅಪ್ಪ ಏನ್ ಮಾಡ್ತಾರ ಅಂದಾಗ ಗಂಟಲಾ ಆರಿತು' ಅಂದ. ನಮ್ಮಪ್ಪ ಇನ್ನೊಬ್ಬರ ಎರಿ ಹೊಲದಾಗ ಹತ್ತಿ ಬಿಡಿಸುವ, ಉಳ್ಳಾಗಡ್ಡಿ ಕೀಳುವ ಕೂಲಿ. ತಮ್ಮ 'ರೈತರು' ಅಂದ. ಮರುಪ್ರಶ್ನೆ ಬಂತು: ಎಷ್ಟು ಎಕರೆ? ಜಾತಿ ಕೇಳುವುದು ಅಸಭ್ಯ ಅಂತ ತಿಳಿದವರು ಎಕರೆ ಕೇಳ್ತಾರೆ. ವಾರದ ಮೇಲೆ 'ಸಂವಹನ ಸಾಲದು' ಅಂತ ಉತ್ತರ ಬಂತು.

ಇದನ್ನು ಒಬ್ಬನ ದುರದೃಷ್ಟ ಅಂತ ತಳ್ಳಿಹಾಕುವವರು 2007ರ ಎರಡು ಅಧ್ಯಯನಗಳನ್ನು ನೋಡಲಿ. ಸುಖದೇವ್ ಥೋರಾತ್ ಮತ್ತು ಪಾಲ್ ಅಟೆವೆಲ್ ಸಮಾನ ವಿದ್ಯಾರ್ಹತೆಯ, ಹೆಸರು ಮಾತ್ರ ಬೇರೆ ಇರುವ 4,808 ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದರು. ದಲಿತ ಹೆಸರಿಗೆ ಕರೆ ಬರುವ ಸಂಭವ ಮೇಲುಜಾತಿ ಹೆಸರಿನ ಮೂರನೇ ಎರಡರಷ್ಟಿತ್ತು. ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿದರು. ಎಲ್ಲರದೂ ಪ್ರತಿಭೆಯ ಜಪ. ಆದರೆ ಹೆಚ್ಚುಕಡಿಮೆ ಎಲ್ಲರೂ ಅಭ್ಯರ್ಥಿಯ ಮನೆತನ ವಿಚಾರಿಸುವವರೇ! ಬೆಂಗಳೂರಿನ ಸಾಫ್ಟ್‌ವೇರ್ ನೌಕರರಲ್ಲಿ ಬಹುಪಾಲು ನಗರದ ಮೇಲುಜಾತಿ ಮಧ್ಯಮವರ್ಗದವರು ಅಂತ ಕ್ಯಾರಲ್ ಉಪಾಧ್ಯ ಅದೇ ವರ್ಷ ಬರೆದರು. 'ಸಂವಹನ' ಅಂದರೆ ಯಾರ ಮನೆಯ ಮಾತು ಅನ್ನುವುದು ಅಲ್ಲಿಗೆ ತಿಳಿಯುತ್ತದೆ.

ಇದೇ ಬೆಂಗಳೂರಿನಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ. ಕಾರ್ಖಾನೆಗಳು ಮೀಸಲಾತಿಯಿಂದ ದಲಿತರಿಗೆ ಸಂಬಳ, ಕ್ವಾರ್ಟರ್ಸು ಕೊಟ್ಟಿದ್ದವು. 1991ರ ನಂತರ ಹೊಸ ನೌಕರಿಗಳು ಆ ಗೇಟಿನಾಚೆ ಹುಟ್ಟಿದವು. ಸಂವಿಧಾನದ 16(4)ನೇ ವಿಧಿ ಪ್ರಭುತ್ವದ ಹುದ್ದೆಗಳಿಗಷ್ಟೇ. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಈ ವಿಷಯ ಎತ್ತಿದಾಗ ಉದ್ಯಮಿಗಳು ಕಾನೂನು ಬೇಡ, ನಾವೇ ಸ್ವಇಚ್ಛೆಯಿಂದ ಮಾಡ್ತೇವೆ ಅಂದರು. ಖಾಸಗಿ ಖಾಸಗಿ ಅನ್ನುವ ಈ ಉದ್ಯಮಕ್ಕೆ ಸರ್ಕಾರವೇ ತಂತ್ರಾಂಶ ಪಾರ್ಕು ಕಟ್ಟಿತ್ತು, ರಫ್ತಿನ ಲಾಭಕ್ಕೆ 2011ರವರೆಗೂ ತೆರಿಗೆ ವಿನಾಯಿತಿ ಕೊಟ್ಟಿತ್ತು. ಹತ್ತಿ ಬಿಡಿಸುವವ ಬೆಂಕಿಪೆಟ್ಟಿಗೆಗೂ ತೆರಿಗೆ ಕೊಡ್ತಾನೆ.

ತಮ್ಮನಿಗೆ ಎರಡು ವರ್ಷದ ನಂತರ ಇನ್ನೊಂದು ಕಂಪನಿಯಲ್ಲಿ ಕೆಲಸವಾಯಿತು. ಅಲ್ಲಿ ಊಟದ ಹೊತ್ತಿಗೆ 'ಪೂರ್ತಿ ಹೆಸರೇನು?' ಅಂತ ಕೇಳ್ತಾರಂತೆ. ಸೆಬಿಯ ನಿಯಮದಂತೆ ದೊಡ್ಡ ಷೇರು ಕಂಪನಿಗಳು ನೌಕರರಲ್ಲಿ ಹೆಂಗಸರೆಷ್ಟು, ಅಂಗವಿಕಲರೆಷ್ಟು ಅಂತ ವರ್ಷವರ್ಷ ಲೆಕ್ಕ ಕೊಡಬೇಕು. ದಲಿತರೆಷ್ಟು ಅನ್ನುವ ಕಾಲಂ ಅದರಲ್ಲಿಲ್ಲ.